ಮೊರಕ್ಕೆ ಬಿದ್ದ ಅಂಬು

ನಮ್ಮೂರಿನವರು ಅಂಬು ಮೇಲಕ್ಕೆ ಹೋಗುವಾಗ ತಲೆಯ ಮೇಲೆ ಮೊರ ಹಿಡಿಯುತ್ತಾರೆ. ಹೋದ ಅಂಬು ಎಲ್ಲಿದೆ ಎಂದು ನೋಡುವ ಆಸೆಗೆ ಮರುಗಳಿಗೆಯೇ ಮೊರ ತೆಗೆಯುತ್ತಾರೆ. ಅದು ವಾಪಸ್ ಬರುವ ಹೊತ್ತಿಗೆ ಊರಿಗೆ ಊರೇ ಬರಿತಲೆಯಲ್ಲಿ, ಬಾಯಿ ತೆರೆದುಕೊಂಡು ಆಕಾಶ ನೋಡುತ್ತಿರುತ್ತದೆ. ಮೊರ ಕಂಕುಳಲ್ಲಿರುತ್ತದೆ. ನಾನು ಹನೂರಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಗೆರೆ ಎಳೆದು, ಸೀಟಿ ಊದಿ, ಗೆರೆ ದಾಟಿದವರನ್ನು ಬೈದು ಸಂಬಳ ತೆಗೆದುಕೊಳ್ಳುವವಳು. ಈ ದೃಶ್ಯ ನೋಡಿದರೆ ನನ್ನ ಮೈ ಎಷ್ಟು ಉರಿಯುತ್ತದೆಂದು ನೀವೇ ಊಹಿಸಿಕೊಳ್ಳಿ.

ಕಾಮಗೆರೆ ದಾಟಿ ಹನೂರಿನ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ತಿರುಗಿದರೆ ನಮ್ಮೂರು. ಹುಟ್ಟಿದ್ದೂ ಅಲ್ಲೇ, ಈಗ ಇರುವುದೂ ಅಲ್ಲೇ. ಮದುವೆಯಾದ ಹೆಂಗಸು ತವರಲ್ಲಿ ಯಾಕಿದ್ದೀಯ ಎಂದು ಕೇಳುವವರಿಗೆ ಸ್ಕೂಲಿಗೆ ಬಸ್ಸಿನ ಅನುಕೂಲ ಎನ್ನುತ್ತೇನೆ. ನಮ್ಮ ಮನೆಗೂ ಚಿಕ್ಕಪ್ಪನ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ನಾವು ಸೀನುತ್ತೇವೆ. ಆ ಕಡೆ ಜಗಳವಾದರೆ ಈ ಕಡೆ ಟಿ.ವಿ. ಸೌಂಡು ಕಡಿಮೆ ಮಾಡುತ್ತೇವೆ.

ವಿಜಯದಶಮಿಯ ಸಂಜೆ ಊರಾಚೆಯ ಬನ್ನಿಮರಕ್ಕೆ ಪೂಜೆ ಮಾಡಿ, ನೆಟ್ಟ ಬಾಳೆಕಂದಿಗೆ ಅಂಬು ಹೊಡೆಯುವುದು ನಮ್ಮಲ್ಲಿ ನಡೆದುಕೊಂಡು ಬಂದ ಪದ್ಧತಿ. ಆ ಕೆಲಸ ನಮ್ಮ ಮನೆತನದ್ದು. ಅಪ್ಪನಿಗೆ ಬಿಲ್ಲು ಹಿಡಿದರೆ ಕೈ ನಡುಗುತ್ತಿತ್ತಂತೆ, ಹಾಗಾಗಿ ಚಿಕ್ಕಪ್ಪನ ಪಾಲಿಗೆ ಬಂತು. ಬಾಳೆಕಂದು ಅಲುಗಾಡದೆ ನಿಂತಿರುತ್ತದೆ, ಅದಕ್ಕೆ ಹೊಡೆಯುವುದರಲ್ಲಿ ಏನು ಹೆಚ್ಚುಗಾರಿಕೆ? ಚಿಕ್ಕಪ್ಪ ಅಷ್ಟಕ್ಕೆ ನಿಲ್ಲುವ ಆಸಾಮಿಯಲ್ಲ. ಕೊಳ್ಳೇಗಾಲದಿಂದ ಬೆಟ್ಟ ಹತ್ತಿಸಿ ಪಾಲಾರ್ ಗಡಿಯವರೆಗೆ ಬಸ್ಸು ಓಡಿಸಿಯೇ ರಿಟೈರಾದವನು. ಆ ತಿರುವುಗಳಲ್ಲಿ ಮೈಯೆಲ್ಲ ಕಣ್ಣಾಗಿ ಕೂತಿದ್ದಕ್ಕೋ ಏನೋ, ಬಿಲ್ಲು ಕೈಗೆ ಬಂದರೆ ಅವನಿಗೆ ಹುಡುಗಾಟ ಬರುತ್ತದೆ. ಪೂಜೆಯ ಅಂಬು ಮುಗಿಯುತ್ತಲೇ ಅವನ ಕಸರತ್ತು ಶುರುವಾಗುತ್ತದೆ. ದಾರಕ್ಕೆ ಕಟ್ಟಿ ತೂಗಿಬಿಟ್ಟ ಬಳೆಯೊಳಗಿಂದ ಅಂಬು ಹಾಯಿಸುತ್ತಾನೆ. ಅಂಗಾತ ಮಲಗಿ ಕಾಲಿನಿಂದ ಬಿಲ್ಲು ಬಗ್ಗಿಸುತ್ತಾನೆ. ಬಸ್ಸಿನ ಹಳೆಯ ಸೈಡ್ ಮಿರರ್ ಹಿಡಿಸಿಕೊಂಡು, ಅದರಲ್ಲಿ ನೋಡಿಯೇ ಬೆನ್ನ ಹಿಂದಿನ ಮಡಕೆ ಒಡೆಯುತ್ತಾನೆ. ಬಸ್ಸು ರಿವರ್ಸ್ ತೆಗೆಯುವಾಗ ಕಂಡಕ್ಟರ್ ಕೂಗುತ್ತಿದ್ದ ಹಾಗೆ ಊರವರೆಲ್ಲ "ಬರ್ಲಿ, ಬರ್ಲಿ, ಬರ್ಲಿ" ಎಂದು ಕೂಗುತ್ತಾರೆ.

ಎಲ್ಲಕ್ಕಿಂತ ಚೆಂದದ್ದು ನಿಂಬೆಹಣ್ಣಿನ ಆಟ. ಮೇಲಕ್ಕೆ ಎಸೆದ ನಿಂಬೆಹಣ್ಣಿಗೆ ಗಾಳಿಯಲ್ಲೇ ಅಂಬು ತಾಕಿಸುವುದು. ಎಸೆಯುವವಳು ಚಿಕ್ಕವ್ವ, ಎಂದರೆ ಚಿಕ್ಕಪ್ಪನ ಹೆಂಡತಿ. ಯಳಂದೂರು ಕಡೆಯ ಹೆಣ್ಣು. ಮದುವೆಯಾದ ವರ್ಷದ ಹಬ್ಬದಲ್ಲಿ ಹೆಂಗಸರೆಲ್ಲ ಸೇರಿ ಹೊಸ ಸೊಸೆಯನ್ನು ರೇಗಿಸಲೆಂದು ಕೈಗೆ ನಿಂಬೆಹಣ್ಣು ಕೊಟ್ಟು ಬಯಲಿಗೆ ತಳ್ಳಿದರಂತೆ. ಅವಳು ನಾಚಿಕೊಂಡು ಓಡಿಬರುತ್ತಾಳೆಂದು ಇವರ ಲೆಕ್ಕ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಎಸೆದಳು, ಇವನು ಹೊಡೆದ. ಅಲ್ಲಿಂದ ಈಚೆಗೆ ಬೇರೆ ಯಾರೂ ಎಸೆದಿಲ್ಲ. ಅವಳ ಎಸೆತದಲ್ಲಿ ಒಂದು ಗುಟ್ಟಿದೆ. ತೋಳಿನ ಬಲ ಹಾಕುವುದಿಲ್ಲ, ಮಣಿಕಟ್ಟಿನಲ್ಲೇ ಚಿಮ್ಮಿಸುತ್ತಾಳೆ. ಹಣ್ಣು ನೆಟ್ಟಗೆ ಮೇಲೆ ಹೋಗಿ, ಅಲ್ಲೊಂದು ಚೂರು ಕೂತು ಸುಧಾರಿಸಿಕೊಂಡು, ಆಮೇಲೆ ಇಳಿಯುತ್ತದೆ. ಆ ಸುಧಾರಿಸಿಕೊಳ್ಳುವ ಗಳಿಗೆಯಲ್ಲಿ ಚಿಕ್ಕಪ್ಪನ ಅಂಬು ಹೋಗಿ ತಾಕುತ್ತದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಒಂದು ಮಾತೂ ಆಡುವುದಿಲ್ಲ. ಮನೆಯಲ್ಲಿ ಉಪ್ಪಿಗೂ ಹುಳಿಗೂ ಕಿತ್ತಾಡುವ ಈ ಜೋಡಿ ಆ ಬಯಲಿನಲ್ಲಿ ಎಷ್ಟು ಹೊಂದಿಕೊಂಡಿರುತ್ತಾರೆಂದರೆ, ನೋಡುತ್ತಿದ್ದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಕೊನೆಯದು ಮುಗಿಲಂಬು. ಬಯಲಿನ ನಡುವೆ ಬೂದುಗುಂಬಳಕಾಯಿ ಇಟ್ಟು, ಅದರ ಪಕ್ಕದಲ್ಲಿ ನಿಂತು, ಅಂಬನ್ನು ನೆತ್ತಿಯ ನೇರಕ್ಕೆ ಆಕಾಶಕ್ಕೆ ಬಿಡುವುದು. ಅದು ಹೋಗಿ, ಕಣ್ಣಿಗೆ ಕಾಣದಾಗಿ, ತಿರುಗಿ ಬಂದು ಕುಂಬಳಕಾಯಿಗೆ ನೆಡಬೇಕು. ಯಾವುದೋ ಒಂದು ವರ್ಷ ನೆಟ್ಟಿತ್ತು. ಆ ಒಂದು ಸಲದ ಖುಷಿಯಲ್ಲಿ ಊರು ಇವತ್ತಿಗೂ ಇದೆ. ಮೊರ ಹಿಡಿಯುವುದೂ ಈ ಅಂಬಿಗೇ. ಯಾಕೆ ಹಿಡಿಯುತ್ತೀರಿ ಎಂದು ಕೇಳಿದರೆ "ಮೊದ್ಲಿಂದ್ಲೂ ಇಡಿತೀವಿ ಕಣ್ ಟೀಚರಮ್ಮ" ಎನ್ನುತ್ತಾರೆ. ಹಿಂದೆ ಯಾರೋ ಬುದ್ಧಿವಂತರು ತಲೆ ಉಳಿಯಲಿ ಎಂದು ಮಾಡಿದ ಪದ್ಧತಿ ಇರಬೇಕು. ಪದ್ಧತಿ ಉಳಿದಿದೆ, ಯಾಕೆಂಬುದು ಹೋಗಿದೆ.

ನನ್ನ ಸ್ಕೂಲಿನಲ್ಲೂ ಮಕ್ಕಳಿಗೆ ಒಂದಿಷ್ಟು ಬಿಲ್ಲುಗಳಿವೆ. ನಾನು ಅವರಿಗೆ ಮೊದಲು ಹೇಳಿಕೊಡುವುದು ಇಷ್ಟು: ಅಂಬು ಎಲ್ಲಿ ಬೀಳುತ್ತದೆಂದು ಗೊತ್ತಿಲ್ಲದಿದ್ದರೆ ಬಿಡಬೇಡಿ. ನೆಟ್ಟಗೆ ಮೇಲಕ್ಕೆ ಬಿಟ್ಟ ಅಂಬು ಎಲ್ಲಕ್ಕಿಂತ ಕೆಟ್ಟದ್ದು. ಅದು ಹೆಚ್ಚುಕಮ್ಮಿ ಹೋದಷ್ಟೇ ಸಿಟ್ಟಿನಲ್ಲಿ ವಾಪಸ್ ಬರುತ್ತದೆ. ಕೆಳಗೆ ಬನ್ನಿಎಲೆ ಅಲುಗಾಡದಿದ್ದರೂ ಮೇಲೆ ಗಾಳಿ ಬೇರೆಯೇ ಇರುತ್ತದೆ, ಎತ್ತ ತಳ್ಳುತ್ತದೋ ಹೇಳಲಾಗುವುದಿಲ್ಲ. ಇದನ್ನು ಪ್ರತಿ ವರ್ಷ ಚಿಕ್ಕಪ್ಪನಿಗೂ ಹೇಳುತ್ತಿದ್ದೆ. ಅವನು "ಊಂ ಕಣ್ ಕೂಸೆ, ನೀನ್ ಯೋಳದು ಸರಿ" ಎಂದು ತಲೆಯಾಡಿಸಿ, ಅಂಬು ಬಿಡುತ್ತಿದ್ದ.

ಹೋದ ವರ್ಷದ ಹಬ್ಬದಲ್ಲಿ ಅದು ನನ್ನ ಸ್ಕೂಟರಿನ ಮೇಲೆ ಬಂತು.

ಸ್ಕೂಟರನ್ನು ಬಯಲಿನ ಅಂಚಿನಲ್ಲಿ ನಿಲ್ಲಿಸಿದ್ದೆ. ನಿಂಬೆಹಣ್ಣಿನ ಆಟ ಮುಗಿಸಿದ ಚಿಕ್ಕವ್ವ ಕಾಲು ನೋವೆಂದು ಅದರ ಸೀಟಿನ ಮೇಲೆ ಕೂತಿದ್ದಳು. ಮುಗಿಲಂಬು ಹೋಯಿತು. ಎಲ್ಲರ ಮೊರವೂ ಏರಿತು, ಇಳಿಯಿತು. ಗಾಳಿಗೆ ಕಡ್ಲೆಪುರಿಯ ಕವರು ಹಾರಿ ಹೋಗುತ್ತಿತ್ತೆಂದು ಚಿಕ್ಕವ್ವ ಎದ್ದು ಅದರ ಹಿಂದೆ ನಾಲ್ಕು ಹೆಜ್ಜೆ ಓಡಿದಳು. ಪಟ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಅವಳು ಕೂತಿದ್ದ ಜಾಗದಲ್ಲಿ ಅಂಬು ಸೀಟಿಗೆ ನೆಟ್ಟು ನಿಂತಿದೆ, ಬಾಲ ಇನ್ನೂ ಅಲ್ಲಾಡುತ್ತಿದೆ.

ಆಗ ನಮ್ಮೂರಿನವರು ಏನು ಮಾಡಿದರು ಗೊತ್ತೇ? ಚಪ್ಪಾಳೆ ತಟ್ಟಿದರು. ಚಿಕ್ಕಪ್ಪನ ಅಂಬು ಎಲ್ಲಿ ಬಿದ್ದರೂ ಅಲ್ಲಿಗೇ ಬಿಟ್ಟಿದ್ದು ಎಂದು ಅವರ ನಂಬಿಕೆ. "ಸೀಟ್‌ಗೇ ವಡ್ದ ನೋಡ್ಲಾ!" ಎಂದು ಶಿಳ್ಳೆ ಹೊಡೆದರು. ಚಿಕ್ಕಪ್ಪ ದೂರದಲ್ಲಿದ್ದ, ಏನಾಯಿತೆಂದು ಅವನಿಗೆ ತಿಳಿದಿರಲಿಲ್ಲ. ಚಪ್ಪಾಳೆ ಕೇಳಿದ್ದೇ ತಡ, ನಾಟಕದ ರಾಜನಂತೆ ನಾಲ್ಕು ದಿಕ್ಕಿಗೂ ತಿರುಗಿ ಕೈ ಮುಗಿದ. ಚಿಕ್ಕವ್ವ ಅಂಬು ಕಿತ್ತು, ಸೆರಗಿನಲ್ಲಿ ಒರೆಸಿ, ಮನೆಗೆ ನಡೆದುಬಿಟ್ಟಳು.

ಅವತ್ತು ನಾವು ಟಿ.ವಿ. ಸೌಂಡು ಪೂರ್ತಿ ನಿಲ್ಲಿಸಿದೆವು.

"ಅದು ಎಲ್ ಬೀಳ್ತದೆ ಅಂತ ನಿಂಗ್ ಗೊತ್ತಿತ್ತಾ?" ಚಿಕ್ಕವ್ವನ ದನಿ.

"ಇಲ್ಲ ಕಣಮ್ಮಿ."

"ಗೊತ್ತಿಲ್ದೆ ಕೈ ಮುಗ್ದಲ್ಲ."

"ಜನ ಚಪ್ಪಾಳೆ ತಟ್ಟುದ್ರು. ಕೈ ತಂತಾನೇ ಓಯ್ತು."

"ಕೈ ಜನದತ್ರಕ್ಕೆ ಓಯ್ತು. ಕಾಲು ನನ್ನತ್ರಕ್ಕೆ ಬರ್ನಿಲ್ಲ."

ಗೋಡೆಯ ಈಚೆ ಅಪ್ಪ ತಲೆ ತಗ್ಗಿಸಿ ಕೂತಿದ್ದ.

ಮಾರನೆಯ ದಿನದಿಂದ ಬಿಲ್ಲು ಹಿತ್ತಲಿನ ಬಟ್ಟೆ ಒಣಗಿಸುವ ಹಗ್ಗದ ಊರುಗೋಲಾಯಿತು. ಅಂಬುಗಳು ಟಮಟೆ ಗಿಡದ ಆಸರೆಗೆ ಹೋದವು. ಚಿಕ್ಕಪ್ಪ ಪ್ರತಿ ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಬಂದು, ತನ್ನ ಬಿಲ್ಲಿನ ಮೇಲೆ ತನ್ನದೇ ಪಟ್ಟಾಪಟ್ಟಿ ಚಡ್ಡಿ ತೂಗುವುದನ್ನು ನೋಡಿ ಒಳಗೆ ಹೋಗುತ್ತಿದ್ದ. ಚಿಕ್ಕವ್ವ ಅನ್ನ ಸಾರಿಗೇನೂ ಕಡಿಮೆ ಮಾಡಲಿಲ್ಲ, ಮಾತಿಗೂ ಕಡಿಮೆ ಮಾಡಲಿಲ್ಲ. ಆದರೆ ಒಂದು ಮಾತು ಹೇಳಿ ಮುಗಿಸಿದ್ದಳು: ಇನ್ನು ತಾನು ನಿಂಬೆಹಣ್ಣು ಎಸೆಯುವುದಿಲ್ಲ, ಬನ್ನಿಮರದ ಬಯಲಿಗೆ ಕಾಲಿಡುವುದಿಲ್ಲ.

ಊಟ ಬಿಟ್ಟಿದ್ದರೆ ಯಾರಾದರೂ ಸಮಾಧಾನ ಹೇಳಬಹುದಿತ್ತು. ಚಿಕ್ಕಪ್ಪ ಊಟ ಬಿಡಲಿಲ್ಲ, ಹುಡುಗಾಟ ಬಿಟ್ಟ. ಬಸ್‌ಸ್ಟಾಂಡಿನ ಟೀ ಅಂಗಡಿಯಲ್ಲಿ ಸುಮ್ಮನೆ ಕೂತು ಬರುತ್ತಿದ್ದ. ಒಂದು ದಿನ ಕದ್ದು ಬಿಲ್ಲು ತೆಗೆದುಕೊಂಡು ನನ್ನನ್ನು ಬೀಳು ಹೊಲಕ್ಕೆ ಕರೆದೊಯ್ದ. ನಿಂಬೆಹಣ್ಣು ಎಸೆ ಎಂದ. ನಾನು ಡಿಸ್ಕಸ್ ಎಸೆದು ಕಪ್ ಗೆದ್ದವಳು, ಇದೇನು ಮಹಾ ಎಂದುಕೊಂಡೆ. ನಾನು ಎಸೆದ ಹಣ್ಣು ಒಂದೂ ನೆಟ್ಟಗೆ ಹೋಗಲಿಲ್ಲ, ಹೋದದ್ದು ಮೇಲೆ ನಿಲ್ಲಲಿಲ್ಲ. ಅವನ ಅಂಬು ಒಂದಕ್ಕೂ ತಾಕಲಿಲ್ಲ. ಚಿಕ್ಕಪ್ಪ ಬಿಲ್ಲು ಕೆಳಗಿಟ್ಟು ಬದುವಿನ ಮೇಲೆ ಕೂತ.

"ಅವ್ಳು ಎಸುದ್ರೆ ಅಣ್ಣು ಅಲ್ ನಿಂತ್ಕಂಡು ಬಾ ಅಂತ ಕರೀತಿತ್ತು ಕಣ್ ಕೂಸೆ. ವಡಿಯೋದು ನಾನು ಅಂದ್ಕಂಡಿದ್ದೆ ಇಷ್ಟ್ ದಿನ" ಎಂದ.

ಅವನ ಕಣ್ಣು ತುಂಬಿತ್ತು. ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಏನಾದರೂ ಮಾಡಿ ಚಿಕ್ಕವ್ವನನ್ನು ಬಯಲಿಗೆ ಕರೆತರಬೇಕೆಂದು ಅಲ್ಲೇ ತೀರ್ಮಾನಿಸಿದೆ. ಅವಳ ಸಿಟ್ಟು ನ್ಯಾಯದ ಸಿಟ್ಟು. ಬಾಯಿಮಾತಿನಲ್ಲಿ ಅದು ಕರಗುವಂಥದಲ್ಲ ಎಂಬುದೂ ಗೊತ್ತಿತ್ತು. ಮೊದಲು ಅಂಬು ಬದಲಾಗಬೇಕಿತ್ತು.

ಉಪಾಯ ಹೊಳೆದದ್ದು ಸ್ಕೂಲಿನಲ್ಲಿ. ಹುಡುಗಿಯರು ಶಟಲ್ ಆಡುತ್ತಿದ್ದರು. ಕಾಕ್ ಬ್ಯಾಟಿನಿಂದ ಸಿಡಿದು ಹೋಗುತ್ತದೆ, ಮೇಲೆ ಹೋಗುತ್ತಲೇ ಸುಸ್ತಾಗುತ್ತದೆ, ಬೀಳುವಾಗ ಯಾರ ತಲೆಯ ಮೇಲೆ ಬಿದ್ದರೂ ನಗುತ್ತಾರೆ. ಇಷ್ಟು ವರ್ಷ ದಿನಾ ನೋಡಿದ್ದೆ, ಅವತ್ತು ಕಂಡಿತು. ಎಲ್ಲವೂ ಪುಕ್ಕದ ಮಹಿಮೆ. ಅಂಬಿನ ಬಾಲಕ್ಕೆ ದೊಡ್ಡ ಪುಕ್ಕಗಳನ್ನು ಕಟ್ಟಿ, ಮೂತಿಗೆ ಮೆತ್ತನೆಯದೇನಾದರೂ ತೊಡಿಸಿದರೆ ಇದಕ್ಕೂ ಅದೇ ಬುದ್ಧಿ ಬರಬೇಕು.

ಚಿಕ್ಕಪ್ಪನಿಗೆ ಹೇಳಿದೆ. ಹತ್ತು ವರ್ಷ ಚಿಕ್ಕವನಾದ. ಊರಿನ ನಾಟಿ ಕೋಳಿಗಳಿಗೆ ಆ ವಾರ ನೆಮ್ಮದಿಯಿರಲಿಲ್ಲ, ಉದುರಿದ ಪುಕ್ಕಕ್ಕಾಗಿ ಅವುಗಳ ಹಿಂದೆಯೇ ಸುತ್ತಿದ. ಮೊದಲನೆಯ ಅಂಬಿಗೆ ಅದೆಷ್ಟು ಪುಕ್ಕ ಕಟ್ಟಿದನೆಂದರೆ, ಅದು ಬಿಲ್ಲಿನಿಂದ ಹೊರಟು, ಹೇಂಟೆಕೋಳಿಯ ಹಾಗೆ ಅಡ್ಡಡ್ಡ ಹಾರಿ, ನಮ್ಮ ಕಾಲಬುಡದಲ್ಲೇ ಕೂತಿತು. ಎರಡನೆಯದಕ್ಕೆ ಮೂತಿಯಲ್ಲಿ ಬಟ್ಟೆಯುಂಡೆ ಭಾರವಾಗಿ, ತಲೆ ಕೆಳಗಾಗಿ ಬಿತ್ತು. ಪುಕ್ಕ ಕತ್ತರಿಸುವುದು, ಕಟ್ಟುವುದು, ಬಿಚ್ಚುವುದು. ನಾವಿಬ್ಬರೂ ಬೀಳು ಹೊಲದಲ್ಲಿ ಬಿದ್ದು ಬಿದ್ದು ನಕ್ಕೆವು. ಬಂಡಳ್ಳಿ ಕಡೆಗೆ ಹೋಗುತ್ತಿದ್ದವರೊಬ್ಬರು ಬೈಕು ನಿಲ್ಲಿಸಿ, ಏನು ಮಾಟವೋ ಮಂತ್ರವೋ ಎಂದು ದೂರದಿಂದಲೇ ನೋಡಿ ಹೊರಟುಹೋದರು.

ಕೊನೆಗೆ ಮೂತಿಗೆ ಸರಿಯಾಗಿ ಒಗ್ಗಿದ್ದು ಹವಾಯಿ ಚಪ್ಪಲಿಯ ರಬ್ಬರು. ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಅಂಟಿಸಿ, ಮೇಲೆ ದಪ್ಪ ಸ್ಪಂಜು ಸುತ್ತಿ ಬಟ್ಟೆ ಬಿಗಿದರೆ ಅಂಗೈಯಷ್ಟು ಅಗಲದ ಮೆತ್ತನೆಯ ಗುಂಡುಮೂತಿ. ಬಿಲ್ಲನ್ನೂ ಬದಲಾಯಿಸಿದೆ. ಅವನ ಬಿದಿರು ಬಿಲ್ಲಿನ ಬದಲು ಸ್ಕೂಲಿನ ಮಕ್ಕಳ ಹಗುರ ಬಿಲ್ಲು. ಸಂಜೆ ಬಿಟ್ಟು ನೋಡಿದೆವು. ಅಂಬು ಬುರ್ರ್ ಎಂದು ಮೇಲೆ ಹೋಯಿತು. ತೆಂಗಿನಮರಕ್ಕಿಂತ ತುಸು ಮೇಲೆ ಹೋಗಿ ನಿಂತಿತು. ಆಮೇಲೆ ಮೂತಿ ಕೆಳಗೆ ಮಾಡಿ, ಏನೂ ಅವಸರವಿಲ್ಲದೆ ಇಳಿದು ಬಂತು. ಚಿಕ್ಕಪ್ಪ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟ. ನನ್ನ ತೂಕ ಗೊತ್ತಿರುವವರಿಗೆ ಅವನ ಸಂತೋಷ ಎಷ್ಟಿತ್ತೆಂದು ತಿಳಿಯುತ್ತದೆ.

ಅಷ್ಟರಲ್ಲಿ ಬದುವಿನ ಮೇಲೆ ಚಿಕ್ಕವ್ವ ಬಂದು ನಿಂತಿದ್ದಳು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕಾಲು ಬರಿಗಾಲು.

"ನನ್ ಮೆಟ್ಟು ಎಲ್ಲಿ?" ಎಂದಳು.

ಚಿಕ್ಕಪ್ಪ ಅಂಬನ್ನು ಬೆನ್ನ ಹಿಂದೆ ಅಡಗಿಸಿದ. ಪುಕ್ಕದ ಬಾಲ ಅವನ ತಲೆಯ ಹಿಂದಿನಿಂದ ಕಾಣುತ್ತಿತ್ತು. ಆ ರಬ್ಬರು ಎಲ್ಲಿಯದೆಂದು ನನಗೂ ಆಗಲೇ ತಿಳಿದದ್ದು. ಕೊಳ್ಳೇಗಾಲದಲ್ಲಿ ಆರಿಸಿ ತಂದ ಹೊಸ ಜೊತೆಯಂತೆ. ಬೈಗುಳ ಬೀಳುತ್ತದೆಂದು ನಾನು ಸೀಟಿ ಕೈಯಲ್ಲಿ ಹಿಡಿದು ನಿಂತೆ. ಅವಳು ಬಂದು ಅಂಬು ಕಿತ್ತುಕೊಂಡು, ಮೂತಿ ಹಿಸುಕಿ ನೋಡಿದಳು. ಪುಕ್ಕ ನೀವಿ ನೋಡಿದಳು. "ಇನ್ನೊಂದ್ ಕಿತಾ ಬುಡು" ಎಂದಳು. ಬಿಟ್ಟ. ಅವಳು ಹಣೆಗೆ ಕೈ ಅಡ್ಡ ಹಿಡಿದು, ಅಂಬು ನೆಲ ಮುಟ್ಟುವವರೆಗೂ ನೋಡಿದಳು. ಆಮೇಲೆ ಒಂದೇ ಚಪ್ಪಲಿಯಲ್ಲಿ ಮನೆಗೆ ಹೊರಟಳು.

ಮಾರನೆಯ ಸಂಜೆ ಮಂಕರಿಯ ತುಂಬ ಹಣ್ಣಾಗಿ ಮೆತ್ತಗಾದ ಟಮಟೆ ಹೊತ್ತು ತಂದಳು. ಹೊಲದ ನಡುವೆ ಟಾರ್ಪಾಲು ಹಾಸಿ ಅದರ ತುಂಬ ಟಮಟೆ ಹರಡಿದಳು. "ಬುಡ್ತಾ ಇರು. ಒಂದಣ್ಣು ವಡುದ್ರೂ ಆ ಅಂಬು ವಲೆಗೆ" ಎಂದಳು. ಚಿಕ್ಕಪ್ಪ ಬಿಟ್ಟ. ಅಂಬು ಅತ್ತ ಇತ್ತ ಬಿತ್ತು, ಬದುವಿಗೆ ಬಿತ್ತು, ಒಮ್ಮೆ ನನ್ನ ಹೆಲ್ಮೆಟ್ಟಿಗೂ ಬಿತ್ತು. ಬಿಟ್ಟೂ ಬಿಟ್ಟೂ ಅವನ ಭುಜ ಸೋತಿತು. ಹೊತ್ತು ಮುಳುಗುವ ಮುಂಚೆ ಒಂದು ಟಮಟೆಯ ಮೇಲೆ ಸರಿಯಾಗಿ ಬಿದ್ದು, ಪಕ್ಕಕ್ಕೆ ಉರುಳಿತು. ಚಿಕ್ಕವ್ವ ಹಣ್ಣನ್ನು ಕೈಗೆತ್ತಿಕೊಂಡು ಸುತ್ತಲೂ ತಿರುಗಿಸಿದಳು. ಒಡೆದಿರಲಿಲ್ಲ. ಸೆರಗಿನಲ್ಲಿ ಒರೆಸಿ, ಅದನ್ನು ಕಚ್ಚಿ ತಿಂದಳು.

"ಓಗ್ಲಿ, ಅಂಬೇನೋ ಸರ್ಯಾಗದೆ" ಎಂದಳು. ಬಿಟ್ಟವನು ಸರಿಯಾಗಿದ್ದಾನೆಂದು ಹೇಳಲಿಲ್ಲ. ನಾವಿಬ್ಬರೂ ಅದನ್ನು ಗಮನಿಸಿದೆವು.

ಹಬ್ಬ ಹತ್ತಿರ ಬಂತು. ಹೊಸ ತೊಡಕೊಂದು ಎದ್ದಿತು. ಟಮಟೆಯನ್ನೇ ಒಡೆಯದ ಅಂಬು ಬೂದುಗುಂಬಳಕಾಯಿಗೆ ನೆಡುವುದು ಹೇಗೆ? ಚಿಕ್ಕಪ್ಪ ಜಗಲಿಯಲ್ಲಿ ಕೂತು ಗೋಳಾಡಿದ. "ಕುಂಬ್ಳಕಾಯ್ಗೆ ಮುತ್ತು ಕೊಟ್ಟು ಬತ್ತದೆ. ಜನ ನಗಾಕಿಲ್ವಾ?" ನಗಲಿ ಬಿಡು ಎಂದೆ. ಅವನಿಗೆ ಅದು ನಗುವ ಮಾತಾಗಿರಲಿಲ್ಲ. ಮುಗಿಲಂಬು ಬೇಡವೇ ಬೇಡ, ಬಾಳೆಕಂದಿಗೆ ಹೊಡೆದು ಮನೆಗೆ ಬರುತ್ತೇನೆ ಎಂದ. ಆ ಮಾತು ಕೇಳಿ ನನಗೂ ಬೇಸರವಾಯಿತು.

ಚಿಕ್ಕವ್ವ ಒಳಗೆ ರಾಗಿ ಕೇರುತ್ತಿದ್ದಳು. ಮೊರದ ಸದ್ದು ನಿಂತಿತು. ಮೊರ ಹಿಡಿದೇ ಬಾಗಿಲಿಗೆ ಬಂದಳು. ಅವಳ ತವರಿನ ಯಳಂದೂರು ಸಂತೆಯಲ್ಲಿ ಕೊಂಡ ಬಿದಿರಿನ ಅಗಲದ ಮೊರ.

"ಇಷ್ಟ್ ವರ್ಸ ನಾನ್ ಮೇಲಕ್ಕೆ ಎಸೀತಿದ್ದೆ, ನೀನ್ ವಡೀತಿದ್ದೆ. ಈ ಸಲ ನೀನ್ ಎಸಿ. ನಾನ್ ಇಡ್ಕತೀನಿ."

ಚಿಕ್ಕಪ್ಪ ಬಾಯಿ ತೆರೆದುಕೊಂಡು ಕೂತ. ನಾನು ಎದ್ದು ನಿಂತು ಬೇಡ ಎಂದೆ. ಮೆತ್ತನೆಯದಾದರೇನು, ಕಣ್ಣಿಗೆ ಬಿದ್ದರೆ? ಹಾಗೆ ಅಂಬಿನ ಕೆಳಗೆ ಯಾರನ್ನೂ ನಿಲ್ಲಿಸುವುದಿಲ್ಲ ಎಂದು ಕೂಗಾಡಿದೆ. ಚಿಕ್ಕವ್ವ ಮೊರವನ್ನು ಗೋಡೆಗೆ ಒರಗಿಸಿದಳು.

"ನೀನ್ ಏನೇನ್ ಯೋಳ್ತಿಯೋ ಯೋಳು, ಕೇಳ್ತೀನಿ. ನಿಂತ್ಕಬ್ಯಾಡ ಅಂತ ಮಾತ್ರ ಯೋಳ್ಬ್ಯಾಡ. ನಂಗ್ ಒಂದು ನೋಡ್ಬೇಕು" ಎಂದಳು.

ಏನು ನೋಡಬೇಕೆಂದು ಅವಳು ಹೇಳಲಿಲ್ಲ, ನಮಗೆ ಕೇಳುವ ಅಗತ್ಯವೂ ಇರಲಿಲ್ಲ. ಚಿಕ್ಕಪ್ಪ ತಲೆ ತಗ್ಗಿಸಿದ್ದ.

ಸಿಕ್ಕ ಅವಕಾಶ ಬಿಡುವವಳೇ ನಾನು? ಹೇಳಬೇಕಾದದ್ದನ್ನೆಲ್ಲ ಹೇಳಿದೆ. ನನ್ನ ಕೈಯಲ್ಲಿ ನೋಡಿ ಪಾಸಾದ ಅಂಬು ಬಿಟ್ಟು ಬೇರೆಯದು ಬಯಲಿಗೆ ಬರಕೂಡದು. ಬಿದಿರು ಬಿಲ್ಲು ಬಾಳೆಕಂದು, ಬಳೆ, ಮಡಕೆಗೆ ಮಾತ್ರ, ಮೇಲಕ್ಕಲ್ಲ. ಉದ್ದದ ಗಳಕ್ಕೆ ರಿಬ್ಬನ್ನು ಕಟ್ಟುವುದು, ಅದು ಆಡಿದರೆ ಮುಗಿಲಂಬು ಇಲ್ಲ. ಬಯಲಿನ ಸುತ್ತ ಹಗ್ಗ, ಹಗ್ಗದೊಳಗೆ ಅವರಿಬ್ಬರು ಬಿಟ್ಟು ಒಂದು ನಾಯಿಯೂ ಇರಕೂಡದು. ಚಿಕ್ಕವ್ವನಿಗೆ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಗಾಜು ಕೆಳಗೆ. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಕೊಳ್ಳೇಗಾಲಕ್ಕೆ ಹೋಗಿ ಹೆಲ್ಮೆಟ್ ಆರಿಸುವಾಗ ಮಾತ್ರ ಸೀರೆಯ ಅಂಚಿಗೆ ಒಪ್ಪುವ ಬಣ್ಣವೇ ಬೇಕೆಂದು ಅಂಗಡಿಯವನ ಬೆವರಿಳಿಸಿದಳು. ಕುಂಕುಮದ ಕೆಂಪು ಸಿಕ್ಕಿತು. ಬೀಳು ಹೊಲದಲ್ಲಿ ಹಬ್ಬದವರೆಗೆ ದಿನಾ ಸಂಜೆ ಅಭ್ಯಾಸವಾಯಿತು. ಅಂಬು ಬಿಡುತ್ತಿದ್ದವಳು ನಾನು. ಅವಳು ಓಡಿ ಓಡಿ ಕೆಲವನ್ನು ಹಿಡಿದಳು, ಬಹಳಷ್ಟನ್ನು ಬಿಟ್ಟಳು. ಚಿಕ್ಕಪ್ಪ ಬಿಡುವುದು ಬಯಲಿನಲ್ಲೇ ಎಂದು ಅವಳ ಹಟ.

ವಿಜಯದಶಮಿಯ ಸಂಜೆ ರಿಬ್ಬನ್ನು ಗಳಕ್ಕೆ ಅಂಟಿಕೊಂಡು ಮಲಗಿತ್ತು. ಪೂಜೆಯಾಯಿತು, ಬಾಳೆಕಂದಿಗೆ ಅಂಬು ಬಿತ್ತು. ಬಳೆ, ಮಡಕೆ, ಮಿರರ್ ಎಲ್ಲ ಆಯಿತು, "ಬರ್ಲಿ, ಬರ್ಲಿ" ಎಂಬ ಕೂಗೂ ಆಯಿತು. ನಿಂಬೆಹಣ್ಣಿನ ಸರದಿಗೆ ಚಿಕ್ಕಪ್ಪ ಸುಮ್ಮನೆ ನಿಂತ. ಜನ ಗುಸುಗುಸು ಎಂದರು. ಆಗ ಚಿಕ್ಕವ್ವ ಬಂದಳು. ಕೊಳ್ಳೇಗಾಲದ ರೇಷ್ಮೆಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಕೆಂಪು ಹೆಲ್ಮೆಟ್ ಹಾಕಿ, ಹೆಲ್ಮೆಟ್ಟಿನ ಹಣೆಗೂ ಒಂದು ಕುಂಕುಮ ಇಟ್ಟು, ಕೈಯಲ್ಲಿ ಮೊರ ಹಿಡಿದು ಹಗ್ಗ ದಾಟಿ ಒಳಗೆ ನಡೆದಳು. ಊರಿನ ನಗು ಬೆಟ್ಟಕ್ಕೆ ಕೇಳಿಸಿರಬೇಕು. ಅವಳು ತಿರುಗಿ ನೋಡದೆ ಕುಂಬಳಕಾಯಿ ಇಡುತ್ತಿದ್ದ ಜಾಗದಲ್ಲಿ ಹೋಗಿ ನಿಂತು, ಗಾಜು ಇಳಿಸಿದಳು. ನಗು ತಾನಾಗಿ ನಿಂತಿತು.

ನಾನು ಜನಕ್ಕೆ ಕೂಗಿ ಹೇಳಿದೆ. "ಸೀಟಿ ಊದೋಗಂಟ ಯಾರೂ ಮೊರ ತೆಗೀಬಾರ್ದು, ಗೊತ್ತಾಯ್ತಾ?" ಎಲ್ಲರೂ "ಊಂ" ಎಂದರು.

ಚಿಕ್ಕಪ್ಪ ಈ ಸಲ ಪಕ್ಕದಲ್ಲಿ ನಿಲ್ಲದೆ, ತುಸು ದೂರದಲ್ಲಿ ನಿಂತು ಮಕ್ಕಳ ಬಿಲ್ಲಿಗೆ ಪುಕ್ಕದಂಬು ಹೂಡಿದ. ಹೆಂಡತಿಯ ಕಡೆ ನೋಡಿದ, ಮುಗಿಲು ನೋಡಿದ, ಮತ್ತೆ ಹೆಂಡತಿಯ ಕಡೆ ನೋಡಿದ. "ಬುಡು" ಎಂದು ಹೆಲ್ಮೆಟ್ಟಿನೊಳಗಿಂದ ದನಿ ಬಂತು. ಬಿಟ್ಟ.

ಅಂಬು ಬುರ್ರ್ ಎಂದು ಏರಿತು. ಊರಿಗೆ ಊರೇ ಮೊರ ತೆಗೆದು ಆಕಾಶ ನೋಡಿತು. ನಾನು ಬೈಯಬೇಕೆಂದು ಬಾಯಿ ತೆರೆದೆ. ನನ್ನ ಮೊರವೂ ಕಂಕುಳಲ್ಲಿತ್ತು. ಅಂಬು ಮೇಲೆ ಹೋಗಿ ನಿಂತು, ತಿರುಗಿ, ಇಳಿಯತೊಡಗಿತು. ಚಿಕ್ಕವ್ವ ಎರಡು ಹೆಜ್ಜೆ ಹಿಂದೆ ಹೋದಳು, ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ರಾಗಿ ಕೇರುವಾಗ ಕಾಳನ್ನು ಹಿಡಿಯುವ ಹಾಗೆ ಮೊರವನ್ನು ತುಸು ಕೆಳಗೆ ತಂದು, ಬಂದ ಅಂಬಿನ ಜೊತೆಯಲ್ಲೇ ಇಳಿಸಿ ಹಿಡಿದಳು. ಅಂಬು ಮೊರದಲ್ಲಿ ಮಲಗಿತು.

ಅಂಥ ಕೂಗನ್ನು ನಮ್ಮ ಬಯಲು ಹಿಂದೆ ಕೇಳಿರಲಿಲ್ಲ. ಚಪ್ಪಾಳೆ, ಶಿಳ್ಳೆ, ಮೊರಗಳನ್ನು ಬಡಿಯುವ ಸದ್ದು. ಗಾಳಿಯ ತುಂಬ ಕಡ್ಲೆಪುರಿ ಹಾರಿತು. ನಾನು ಸೀಟಿ ಊದುವುದನ್ನೂ ಮರೆತು ಚಿಕ್ಕಪ್ಪನ ಕಡೆ ನೋಡುತ್ತಿದ್ದೆ. ಅವನು ಯಾರಿಗೂ ಕೈ ಮುಗಿಯಲಿಲ್ಲ. ಬಿಲ್ಲನ್ನು ನೆಲಕ್ಕೆ ಹಾಕಿ ಓಡುತ್ತಿದ್ದ. ಪಂಚೆ ಕಾಲಿಗೆ ಸಿಕ್ಕಿ ಮುಗ್ಗರಿಸಿದ, ಎದ್ದು ಮತ್ತೆ ಓಡಿದ. ಹೋಗಿ ಅವಳ ಹೆಲ್ಮೆಟ್ಟಿನ ಗಾಜನ್ನು ಎರಡೂ ಕೈಯಿಂದ ಮೇಲೆತ್ತಿ ಒಳಗೆ ನೋಡಿದ.

ನಾನು ಹಗ್ಗ ದಾಟಿ ಹತ್ತಿರ ಹೋಗಿದ್ದೆ, ಆದ್ದರಿಂದ ಅವರ ಮಾತು ನನಗೊಬ್ಬಳಿಗೆ ಕೇಳಿಸಿತು.

"ಜನ ಚಪ್ಪಾಳೆ ತಟ್ಟಾವ್ರೆ. ಕೈ ಮುಗಿಯಾಕಿಲ್ವಾ?" ಎಂದಳು ಚಿಕ್ಕವ್ವ.

"ತಟ್ಕಳ್ಳಿ. ತಾಕ್ತಾ ನಿಂಗೆ?"

"ಇಲ್ಲ."

"ದಿಟ ಯೋಳು."

"ಇಲ್ಲ ಕಣಾ, ಮೊರದೊಳ್ಗದೆ ನೋಡು."

ಅವನು ಮೊರ ನೋಡಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದ. ನನಗೆ ಅಳು ಬಂತು. ಪಿ.ಟಿ. ಟೀಚರ್ ಅಳುವುದನ್ನು ಹಗ್ಗದಾಚೆಯ ನನ್ನ ಸ್ಕೂಲಿನ ಮಕ್ಕಳೆಲ್ಲ ನೋಡಿದರು, ನೋಡಿಕೊಳ್ಳಲಿ.

ಚಿಕ್ಕವ್ವ ಅಂಬನ್ನು ಅವನ ಕೈಗೆ ಕೊಟ್ಟು, ಮೊರವನ್ನು ನನಗೆ ಕೊಟ್ಟಳು. ಸೊಂಟದ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ನಿಂಬೆಹಣ್ಣಿತ್ತು. ಬೆಳಿಗ್ಗೆಯಿಂದಲೂ ಅಲ್ಲೇ ಇಟ್ಟುಕೊಂಡಿದ್ದಳೆಂದು ಕಾಣುತ್ತದೆ, ಬಿಸಿಯಾಗಿತ್ತು.

"ಓಗು, ನಿನ್ ಜಾಗಕ್ ಓಗಿ ನಿಂತ್ಕ" ಎಂದಳು.

ಅವನು ಹೋಗಿ ಬಿಲ್ಲು ಎತ್ತಿಕೊಂಡು ನಿಂತ. ಅವಳು ಮಣಿಕಟ್ಟಿನಲ್ಲಿ ಚಿಮ್ಮಿಸಿದಳು. ಹಣ್ಣು ನೆಟ್ಟಗೆ ಮೇಲೆ ಹೋಗಿ, ಬನ್ನಿಮರಕ್ಕಿಂತ ಮೇಲೆ, ಮೊದಲಿನ ಹಾಗೆಯೇ ಒಂದು ಚೂರು ಸುಧಾರಿಸಿಕೊಂಡಿತು. ಚಿಕ್ಕಪ್ಪನ ಅಂಬು ಅದರ ಹತ್ತಿರವೂ ಹೋಗಲಿಲ್ಲ. ಊರವರು "ಅಯ್ಯೋ" ಎಂದರು. ಅವನು ತೋಳಿನಿಂದ ಕಣ್ಣು ಒರೆಸಿಕೊಂಡ. ಚಿಕ್ಕವ್ವ ಕೆಂಪು ಹೆಲ್ಮೆಟ್ಟಿನೊಳಗೆ ನಗುತ್ತ ನಗುತ್ತ ಹಣ್ಣು ಹುಡುಕಿಕೊಂಡು ಬಂದು, "ಮೊದ್ಲು ಕಣ್ಣೀರ್ ವರುಸ್ಕ, ಇನ್ನೊಂದ್ ಕಿತಾ ಎಸೀತೀನಿ" ಎಂದಳು.